ಹಿರಿಯರ ರಕ್ತ ಕ್ಯಾನ್ಸರ್: ಕೇಳಬೇಕಾದವರನ್ನು ಕೇಳಿದೆವೆ?

ಹಿರಿಯರ ಚಿಕಿತ್ಸಾ ವೆಚ್ಚ ಈಗ ಸಾರ್ವಜನಿಕ ಚರ್ಚೆಯ ವಿಷಯವಾಗಿದೆ. 2024ರ ಅಕ್ಟೋಬರ್ 29ರಂದು ಕೇಂದ್ರ ಸರಕಾರವು ಆಯುಷ್ಮಾನ್ ಭಾರತ ಯೋಜನೆಯನ್ನು ವಿಸ್ತರಿಸಿ, ಆದಾಯದ ಮಿತಿಯಿಲ್ಲದೆ 70 ವರ್ಷ ತುಂಬಿದ ಎಲ್ಲರಿಗೂ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ವೆಚ್ಚದ ರಕ್ಷಣೆಗೆ ಚಾಲನೆ ನೀಡಿತು. 2025ರ ಸೆಪ್ಟೆಂಬರ್ 22ರಿಂದ 33 ಜೀವರಕ್ಷಕ ಔಷಧಗಳ ಮೇಲಿನ ಜಿಎಸ್‌ಟಿಯನ್ನು ಪೂರ್ಣವಾಗಿ ಕೈಬಿಡಲಾಯಿತು. ರಕ್ತ ಕ್ಯಾನ್ಸರ್‌ಗಳಲ್ಲೊಂದಾದ ಮೈಲೋಮಾಕ್ಕೆ ಕೊಡುವ ಡಾರಾಟುಮುಮ್ಯಾಬ್ ಆ ಪಟ್ಟಿಯಲ್ಲಿದೆ. ಇವೆರಡೂ ಸ್ವಾಗತಾರ್ಹ ಕ್ರಮಗಳು. ಆದರೆ ಹಣದ ಪ್ರಶ್ನೆಗೂ ಮುಂಚೆ ನಮ್ಮ ಮನೆಗಳಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಅದು ಯಾವ ಸರಕಾರಿ ಆದೇಶದಿಂದಲೂ ಬಗೆಹರಿಯುವಂಥದಲ್ಲ: “ಈ ವಯಸ್ಸಿನಲ್ಲಿ ಇದೆಲ್ಲ ಬೇಕೆ?”

ಈ ಪ್ರಶ್ನೆ ಹುಟ್ಟುವ ಸನ್ನಿವೇಶ ನಮ್ಮಲ್ಲಿ ಅನೇಕರಿಗೆ ಪರಿಚಿತ. ಎಪ್ಪತ್ತೈದು ದಾಟಿದ ತಾಯಿಗೆ ತಿಂಗಳುಗಳಿಂದ ಆಯಾಸ, ಬೆನ್ನುನೋವು. ಎಣ್ಣೆ ತಿಕ್ಕಿದ್ದಾಯಿತು, ರಕ್ತ ಕಡಿಮೆಯಿದೆಯೆಂದು ಟಾನಿಕ್ ಕೊಟ್ಟದ್ದಾಯಿತು. ಕೊನೆಗೊಂದು ದಿನ ರಕ್ತಪರೀಕ್ಷೆಯ ವರದಿ ನೋಡಿದ ವೈದ್ಯರು ಅಸ್ಥಿಮಜ್ಜೆಯ ಪರೀಕ್ಷೆಗೆ ಬರೆದುಕೊಡುತ್ತಾರೆ. ಫಲಿತಾಂಶ ಬಂದ ದಿನ ಮಕ್ಕಳು ವೈದ್ಯರ ಕೋಣೆಯೊಳಗೆ, ತಾಯಿ ಹೊರಗಿನ ಬೆಂಚಿನ ಮೇಲೆ. ಗಲ್ಫಿನಲ್ಲಿರುವ ಮಗನಿಗೆ ಫೋನು ಹೋಗುತ್ತದೆ. “ಅಮ್ಮನಿಗೆ ಹೇಳುವುದು ಬೇಡ ಡಾಕ್ಟರೇ” ಎಂಬ ಮಾತಿಗೆ ಎಲ್ಲರೂ ತಲೆಯಾಡಿಸುತ್ತಾರೆ. ಚಿಕಿತ್ಸೆ ಕೊಡಿಸುವುದೋ ಬಿಡುವುದೋ ಎಂಬ ತೀರ್ಮಾನ ಕಾರಿಡಾರಿನಲ್ಲೇ ಆಗಿಹೋಗುತ್ತದೆ. ಇದೆಲ್ಲವೂ ಪ್ರೀತಿಯಿಂದಲೇ ನಡೆಯುತ್ತದೆಂಬುದರಲ್ಲಿ ಸಂಶಯವಿಲ್ಲ. ಆದರೂ ಹೊರಗೆ ಕುಳಿತಾಕೆಯ ಅಭಿಪ್ರಾಯವನ್ನು ಯಾರೂ ಕೇಳಿರುವುದಿಲ್ಲ.

ಆಶ್ಚರ್ಯವೆಂದರೆ, ವೈದ್ಯ ವಿಜ್ಞಾನವೂ ಬಹುಕಾಲ ಇದೇ ತಪ್ಪನ್ನು ಮಾಡಿತು. ಹಿರಿಯರ ಮೇಲಿನ ಕರುಣೆಯ ಹೆಸರಿನಲ್ಲಿ ಅವರನ್ನು ಸಂಶೋಧನೆಯಿಂದಲೇ ಹೊರಗಿಟ್ಟಿತು. ಆ ತಪ್ಪನ್ನು ಅದು ಹೇಗೆ ತಿದ್ದಿಕೊಂಡಿತೆಂಬ ಕಥೆ ನಮ್ಮ ಕುಟುಂಬಗಳಿಗೂ ಪಾಠವಾಗಬಲ್ಲದು.

ಹೊರಗುಳಿದ ಹಿರಿಯರು

ರಕ್ತ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಇಳಿವಯಸ್ಸಿನ ರೋಗಗಳು. ಅಮೆರಿಕದ ಲೆಕ್ಕದಂತೆ, ಮೈಲೋಮಾ ಪತ್ತೆಯಾಗುವವರಲ್ಲಿ ಅರ್ಧದಷ್ಟು ಮಂದಿ ಸುಮಾರು 69 ವರ್ಷ ಮೀರಿದವರು. ಆದರೆ ಹೊಸ ಔಷಧಗಳ ಪರೀಕ್ಷೆಗೆ ಆರಿಸಿಕೊಳ್ಳುತ್ತಿದ್ದುದು ಹೆಚ್ಚಾಗಿ ಅದಕ್ಕಿಂತ ಕಿರಿಯರನ್ನು. 1999ರ ಡಿಸೆಂಬರಿನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 1993ರಿಂದ 1996ರವರೆಗೆ ಅಮೆರಿಕದ ಒಂದು ದೊಡ್ಡ ಸಂಶೋಧನಾ ಕೂಟದ ಕ್ಯಾನ್ಸರ್ ಪ್ರಯೋಗಗಳಿಗೆ ಸೇರಿದ್ದ 16,396 ರೋಗಿಗಳ ವಯಸ್ಸನ್ನು ಅದು ಪರಿಶೀಲಿಸಿತ್ತು. ದೇಶದ ಕ್ಯಾನ್ಸರ್ ರೋಗಿಗಳಲ್ಲಿ ಶೇಕಡಾ 63ರಷ್ಟು ಮಂದಿ 65 ವರ್ಷ ತುಂಬಿದವರಾಗಿದ್ದರೆ, ಪ್ರಯೋಗಗಳಲ್ಲಿ ಅವರ ಪಾಲು ಕೇವಲ ಶೇಕಡಾ 25 ಇತ್ತು.

ಕಾರಣಗಳು ಮೇಲ್ನೋಟಕ್ಕೆ ಸರಿಯಾದವೇ. ಹಿರಿಯರ ಹೃದಯ, ಮೂತ್ರಪಿಂಡಗಳು ದುರ್ಬಲವಾಗಿರುತ್ತವೆ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳು ಜೊತೆಗಿರುತ್ತವೆ. ಕೀಮೋಥೆರಪಿಯ ಏಟನ್ನು ಅವರು ತಾಳಲಾರರೆಂಬ ಭಯವೂ ನಿಜವೇ. ಆದರೆ ಇದರ ಪರಿಣಾಮವೇನಾಯಿತು? ಐವತ್ತರ ಪ್ರಾಯದವರಲ್ಲಿ ಪರೀಕ್ಷಿಸಿದ ಔಷಧವನ್ನು ಎಪ್ಪತ್ತೆಂಟರವರಿಗೆ ಅಂದಾಜಿನ ಮೇಲೆ ಕೊಡಬೇಕಾಯಿತು. ಇಲ್ಲವೆ ಕೊಡದೆಯೇ ಬಿಡಬೇಕಾಯಿತು. ಅವರನ್ನು ಅಪಾಯದಿಂದ ಕಾಪಾಡುತ್ತೇವೆಂದು ಹೊರಟವರು ಅವರ ಚಿಕಿತ್ಸೆಯನ್ನೇ ಕತ್ತಲಲ್ಲಿ ಇಟ್ಟಂತಾಯಿತು.

ಅವರನ್ನು ಸೇರಿಸಿಕೊಂಡಾಗ

ಈ ಕತ್ತಲನ್ನು ಸರಿಸಿದವರಲ್ಲಿ ಫ್ರಾನ್ಸಿನ ವೈದ್ಯರು ಪ್ರಮುಖರು. ಲಿಂಫೋಮಾ ಎಂಬುದು ರೋಗನಿರೋಧಕ ಕಣಗಳಲ್ಲಿ ಹುಟ್ಟುವ ಕ್ಯಾನ್ಸರ್. ಕುತ್ತಿಗೆ, ಕಂಕುಳು ಮೊದಲಾದೆಡೆಯ ಗ್ರಂಥಿಗಳು ಬಾತುಕೊಳ್ಳುವುದು ಅದರ ಒಂದು ಲಕ್ಷಣ. ಅದರ ಒಂದು ತೀವ್ರ ಬಗೆಗೆ ‘ಚಾಪ್’ ಎಂಬ ನಾಲ್ಕು ಔಷಧಗಳ ಚಿಕಿತ್ಸೆ ದಶಕಗಳಿಂದ ರೂಢಿಯಲ್ಲಿತ್ತು. ಲಿಯೋನ್ ನಗರದ ಬರ್ಟ್ರಾಂಡ್ ಕ್ವಾಫಿಯೇ ಮತ್ತು ಸಂಗಡಿಗರು 60ರಿಂದ 80 ವರ್ಷದೊಳಗಿನ 399 ರೋಗಿಗಳನ್ನೇ ಆರಿಸಿ, ಅರ್ಧದಷ್ಟು ಮಂದಿಗೆ ಇದರೊಂದಿಗೆ ರಿಟುಕ್ಸಿಮ್ಯಾಬ್ ಎಂಬ ಆಗಿನ ಹೊಸ ಔಷಧವನ್ನು ಸೇರಿಸಿ ಕೊಟ್ಟರು. 2002ರ ಜನವರಿಯಲ್ಲಿ ಪ್ರಕಟವಾದ ಫಲಿತಾಂಶದಂತೆ, ಎರಡು ವರ್ಷಗಳ ಬಳಿಕ ಬದುಕಿದ್ದವರು ಹಳೆಯ ಚಿಕಿತ್ಸೆಯಲ್ಲಿ ಶೇಕಡಾ 57, ಹೊಸದರಲ್ಲಿ ಶೇಕಡಾ 70. ಹಿರಿಯರಲ್ಲಿ ಹೀಗೆ ಸಾಬೀತಾದ ವಿಧಾನವನ್ನು ಆ ಬಳಿಕ ಕಿರಿಯರಲ್ಲೂ ಪರೀಕ್ಷಿಸಿ ಒಪ್ಪಿಕೊಳ್ಳಲಾಯಿತು. ಇಂದು ಈ ಚಿಕಿತ್ಸೆಯಿಂದ ಗುಣಮುಖರಾಗುವ ಯುವಕರು ಆ 399 ಮಂದಿ ಅಜ್ಜ ಅಜ್ಜಿಯರ ಋಣದಲ್ಲಿದ್ದಾರೆ.

ಎಂಬತ್ತು ದಾಟಿದವರ ಗತಿಯೇನು? ಫ್ರಾನ್ಸ್ ಮತ್ತು ಬೆಲ್ಜಿಯಂನ ವೈದ್ಯರು ಅದನ್ನೂ ಕೇಳಿದರು. ಅಂಥ ಸುಮಾರು 150 ರೋಗಿಗಳಿಗೆ ಕೀಮೋಥೆರಪಿ ಔಷಧಗಳ ಪ್ರಮಾಣವನ್ನು ಬಹಳಷ್ಟು ತಗ್ಗಿಸಿ ಕೊಟ್ಟು ನೋಡಿದರು. 2011ರಲ್ಲಿ ಹೊರಬಂದ ವರದಿಯಂತೆ ಎರಡು ವರ್ಷಗಳ ಬಳಿಕ ಶೇಕಡಾ 59ರಷ್ಟು ಮಂದಿ ಬದುಕಿದ್ದರು. ಚಿಕಿತ್ಸೆಯ ದುಷ್ಪರಿಣಾಮದಿಂದ 12 ಮಂದಿ ತೀರಿಕೊಂಡದ್ದನ್ನೂ ಆ ವೈದ್ಯರು ಮರೆಮಾಚದೆ ಹೇಳಿದರು.

ಮೈಲೋಮಾದ ವಿಚಾರದಲ್ಲಿ ಪಾಠ ಇನ್ನಷ್ಟು ಸ್ಪಷ್ಟ. ಅಸ್ಥಿಮಜ್ಜೆಯಲ್ಲಿ ಹುಟ್ಟಿ ಎಲುಬುಗಳನ್ನು ಸವೆಸುವ, ಮೂತ್ರಪಿಂಡಗಳನ್ನು ಕೆಡಿಸುವ ಈ ರೋಗಕ್ಕೆ ಹಿರಿಯರಲ್ಲಿ ಮೆಲ್ಫಲಾನ್ ಮತ್ತು ಪ್ರೆಡ್ನಿಸೋನ್ ಮಾತ್ರೆಗಳೇ ಹಲವು ದಶಕಗಳ ಕಾಲ ಗತಿಯಾಗಿದ್ದವು. ಫ್ರೆಂಚ್ ಮೈಲೋಮಾ ಕೂಟವು ಮುಖ್ಯವಾಗಿ 65ರಿಂದ 75 ವರ್ಷದ 447 ರೋಗಿಗಳನ್ನು ಮೂರು ಗುಂಪು ಮಾಡಿತು. ಒಂದಕ್ಕೆ ಹಳೆಯ ಮಾತ್ರೆಗಳು. ಇನ್ನೊಂದಕ್ಕೆ ಅವುಗಳ ಜೊತೆ ಥಾಲಿಡೊಮೈಡ್. ಮೂರನೆಯದಕ್ಕೆ ಮೆಲ್ಫಲಾನನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ರೋಗಿಯದೇ ಸ್ಟೆಮ್ ಸೆಲ್‌ಗಳನ್ನು ಮರಳಿ ದೇಹಕ್ಕೆ ಸೇರಿಸುವ ಉಗ್ರ ಚಿಕಿತ್ಸೆ. 2007ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ಅರ್ಧದಷ್ಟು ರೋಗಿಗಳು ದಾಟಿದ ಅವಧಿ ಮೊದಲ ಗುಂಪಿನಲ್ಲಿ 33.2 ತಿಂಗಳು, ಎರಡನೆಯದರಲ್ಲಿ 51.6 ತಿಂಗಳು, ಮೂರನೆಯದರಲ್ಲಿ 38.3 ತಿಂಗಳು. ಉಗ್ರ ಚಿಕಿತ್ಸೆಗಿಂತ ಸೌಮ್ಯ ಚಿಕಿತ್ಸೆಯೇ ಗೆದ್ದಿತು. 75 ದಾಟಿದವರಲ್ಲಿ ಔಷಧದ ಪ್ರಮಾಣ ತಗ್ಗಿಸಿ ನಡೆಸಿದ ಇನ್ನೊಂದು ಪ್ರಯೋಗದಲ್ಲಿಯೂ ಥಾಲಿಡೊಮೈಡ್ ಪಡೆದವರ ಅವಧಿ 29.1 ತಿಂಗಳಿನಿಂದ 44 ತಿಂಗಳಿಗೆ ಏರಿತು. ಗರ್ಭಿಣಿಯರು ಸೇವಿಸಿದ್ದರಿಂದ ಸಾವಿರಾರು ಶಿಶುಗಳ ಅಂಗವೈಕಲ್ಯಕ್ಕೆ ಕಾರಣವಾಗಿ 1961ರಲ್ಲಿ ಜರ್ಮನಿಯ ಮಾರುಕಟ್ಟೆಯಿಂದ ಹಿಂತೆಗೆಯಲ್ಪಟ್ಟ ಔಷಧವೇ ಹೀಗೆ ವೃದ್ಧರಿಗೆ ಆಸರೆಯಾಯಿತು.

ಔಷಧ ಹೆಚ್ಚಿದಷ್ಟೂ ಗುಣ ಹೆಚ್ಚೆಂಬ ನಂಬಿಕೆಗೆ ಮತ್ತೊಂದು ಪೆಟ್ಟು ಅಮೆರಿಕದಿಂದ ಬಂತು. ಅಲ್ಲಿನ ಮೇಯೊ ಕ್ಲಿನಿಕ್ಕಿನ ಭಾರತೀಯ ಮೂಲದ ವೈದ್ಯ ವಿನ್ಸೆಂಟ್ ರಾಜಕುಮಾರ್ ಅವರ ನೇತೃತ್ವದಲ್ಲಿ 445 ಮೈಲೋಮಾ ರೋಗಿಗಳ ಅಧ್ಯಯನ ನಡೆಯಿತು. ಲೆನಾಲಿಡೊಮೈಡ್ ಜೊತೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡನ್ನು ಕೆಲವರಿಗೆ ರೂಢಿಯಂತೆ ಭಾರೀ ಪ್ರಮಾಣದಲ್ಲಿ, ಉಳಿದವರಿಗೆ ವಾರಕ್ಕೊಮ್ಮೆ ಮಾತ್ರ ಕೊಡಲಾಯಿತು. ಗೆಡ್ಡೆಯ ಕಣಗಳು ಬೇಗ ಕುಗ್ಗಿದ್ದು ಭಾರೀ ಪ್ರಮಾಣದ ಗುಂಪಿನಲ್ಲಿ. ಆದರೆ ಒಂದು ವರ್ಷದ ಬಳಿಕ ಬದುಕಿದ್ದವರು ಆ ಗುಂಪಿನಲ್ಲಿ ಶೇಕಡಾ 87, ವಾರಕ್ಕೊಮ್ಮೆ ಪಡೆದವರಲ್ಲಿ ಶೇಕಡಾ 96. ರೋಗದ ಅಳತೆ ಇಳಿಯುವುದೂ ರೋಗಿ ಬದುಕುವುದೂ ಒಂದೇ ಅಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇತ್ತೀಚಿನ ಬೆಳವಣಿಗೆಗಳೂ ಇದೇ ಹಾದಿಯಲ್ಲಿವೆ. ತೀವ್ರಗತಿಯ ಲ್ಯೂಕೇಮಿಯಾದಲ್ಲಿ, ಬಲವಾದ ಕೀಮೋಥೆರಪಿಯನ್ನು ತಾಳಲಾರದ ವೃದ್ಧರಿಗೆ ಹಿಂದೆ ಹೆಚ್ಚೇನೂ ಮಾಡಲಾಗುತ್ತಿರಲಿಲ್ಲ. ಅಂಥ 431 ರೋಗಿಗಳ ಅಂತಾರಾಷ್ಟ್ರೀಯ ಪ್ರಯೋಗದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಅವರಲ್ಲಿ ಅರ್ಧದಷ್ಟು ಮಂದಿ 76 ದಾಟಿದವರು. ಅಜಾಸೈಟಿಡಿನ್ ಚುಚ್ಚುಮದ್ದಿನೊಂದಿಗೆ ವೆನೆಟೊಕ್ಲಾಕ್ಸ್ ಮಾತ್ರೆ ಸೇರಿಸಿದಾಗ ಅರ್ಧದಷ್ಟು ರೋಗಿಗಳು ದಾಟಿದ ಅವಧಿ 9.6 ತಿಂಗಳಿನಿಂದ 14.7 ತಿಂಗಳಿಗೆ ಏರಿತು. ಆದರೆ ಬಿಳಿ ರಕ್ತಕಣ ಕುಸಿದು ಜ್ವರ ಬರುವ ಅಪಾಯವೂ ಶೇಕಡಾ 19ರಿಂದ 42ಕ್ಕೆ ಹೆಚ್ಚಿತು. ಐದು ತಿಂಗಳು ಎಂಬುದು ಸಣ್ಣದಾಗಿ ತೋರಬಹುದು. ಮೊಮ್ಮಗಳ ಮದುವೆಗೆ ನಾಲ್ಕು ತಿಂಗಳಿರುವ ಅಜ್ಜಿಗೆ ಅದು ಸಣ್ಣದಲ್ಲ. ಆಸ್ಪತ್ರೆಯ ಅಲೆದಾಟವೇ ಸಾಕಾಗಿರುವ ಇನ್ನೊಬ್ಬ ಅಜ್ಜನಿಗೆ ಅದು ಬೇಡವೆನಿಸಬಹುದು. ಇವೆರಡರ ತೂಕವನ್ನು ಹೇಳಬಲ್ಲವರು ಅವರಿಬ್ಬರೇ.

ಪ್ರಾಯ ಮತ್ತು ಶಕ್ತಿ

ಎಪ್ಪತ್ತೆಂಟರಲ್ಲೂ ತೋಟಕ್ಕೆ ಹೋಗಿ ಅಡಿಕೆ ಹೆಕ್ಕುವವರಿದ್ದಾರೆ; ಅರವತ್ತಾರಕ್ಕೇ ಮೆಟ್ಟಿಲು ಹತ್ತಲಾರದವರೂ ಇದ್ದಾರೆ. ಆದ್ದರಿಂದ ಜನನ ದಿನಾಂಕವೊಂದನ್ನೇ ನೋಡದೆ ದೇಹಬಲ, ನಡಿಗೆ, ನೆನಪು, ಊಟ, ಇತರ ಔಷಧಗಳು, ಮನೆಯಲ್ಲಿನ ಆಸರೆ ಇವನ್ನೆಲ್ಲ ಕ್ರಮವಾಗಿ ಅಳೆಯುವ ಪದ್ಧತಿಯನ್ನು ವೃದ್ಧರ ವೈದ್ಯಶಾಸ್ತ್ರ ರೂಪಿಸಿದೆ. ಅಮೆರಿಕದಲ್ಲಿ ಗುಣವಾಗದ ಹಂತದ ಕ್ಯಾನ್ಸರ್ ಅಥವಾ ಲಿಂಫೋಮಾ ಇದ್ದ, 70 ವರ್ಷ ತುಂಬಿದ 718 ರೋಗಿಗಳಲ್ಲಿ ಇದನ್ನು ಪರೀಕ್ಷಿಸಲಾಯಿತು. 2021ರ ವರದಿಯಂತೆ, ಈ ಅಳತೆಯ ವಿವರಗಳನ್ನು ಸಲಹೆಗಳೊಂದಿಗೆ ವೈದ್ಯರ ಕೈಗಿತ್ತ ಕಡೆ ಗಂಭೀರ ದುಷ್ಪರಿಣಾಮ ಕಂಡವರು ಶೇಕಡಾ 51, ಇಲ್ಲದ ಕಡೆ ಶೇಕಡಾ 71. ಆರು ತಿಂಗಳ ಹೊತ್ತಿಗೆ ಬದುಕುಳಿದವರ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಹೊಸ ಔಷಧವೊಂದೂ ಇಲ್ಲದೆ, ರೋಗಿಯನ್ನು ಸರಿಯಾಗಿ ವಿಚಾರಿಸಿ ನೋಡಿದ್ದರಿಂದಲೇ ಬಂದ ಲಾಭವಿದು.

ನಮ್ಮ ಆಸ್ಪತ್ರೆಗಳಲ್ಲಿ ಇಂಥ ಪೂರ್ಣ ಪರೀಕ್ಷೆಗೆ ಬಿಡುವು ಸಿಗದಿದ್ದರೂ, ಮನೆಯವರು ಅದರ ಅರ್ಧ ಕೆಲಸ ಮಾಡಬಲ್ಲರು. ತಾಯಿ ಕಳೆದ ಆರು ತಿಂಗಳಲ್ಲಿ ಎಷ್ಟು ಬಾರಿ ಬಿದ್ದರು, ಎಷ್ಟು ತೂಕ ಇಳಿದರು, ಯಾವ ಯಾವ ಮಾತ್ರೆ ನುಂಗುತ್ತಾರೆ, ಒಂಟಿಯಾಗಿ ಸ್ನಾನ ಮಾಡಬಲ್ಲರೆ ಎಂಬುದನ್ನು ಒಂದು ಕಾಗದದಲ್ಲಿ ಬರೆದು ವೈದ್ಯರಿಗೆ ಕೊಡುವುದು ಕಷ್ಟದ ಕೆಲಸವಲ್ಲ.

‘ಪ್ರಯೋಗದ ಪ್ರಾಣಿ’ ಎಂಬ ಭಯ

ವೈದ್ಯರು ಚಿಕಿತ್ಸಾ ಪ್ರಯೋಗದ ಮಾತೆತ್ತಿದರೆ ನಮ್ಮ ಜನ ಬೆಚ್ಚುತ್ತಾರೆ. ಈ ಭಯಕ್ಕೆ ಆಧಾರವಿಲ್ಲವೆನ್ನಲಾಗದು. ಬಡವರನ್ನು ತಿಳಿಸದೆ ಬಳಸಿಕೊಂಡ ಪ್ರಕರಣಗಳು ವೈದ್ಯಕೀಯ ಇತಿಹಾಸದಲ್ಲಿವೆ. ಆದ್ದರಿಂದಲೇ ನಿಯಮಗಳು ಬಂದಿವೆ. ಭಾರತದಲ್ಲಿ 2019ರ ಹೊಸ ಔಷಧಗಳ ಮತ್ತು ಚಿಕಿತ್ಸಾ ಪ್ರಯೋಗಗಳ ನಿಯಮಾವಳಿಯಂತೆ ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ ಪ್ರಯೋಗ ಆರಂಭಿಸುವಂತಿಲ್ಲ. ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಲಿಖಿತ ಸಮ್ಮತಿ ಪಡೆಯಬೇಕು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆಯನ್ನೂ ಪರಿಹಾರವನ್ನೂ ಕೊಡಬೇಕು. ರೋಗಿ ಯಾವಾಗ ಬೇಕಾದರೂ ಕಾರಣ ಹೇಳದೆ ಹೊರಬರಬಹುದು.

ಸಕ್ಕರೆ ಮಾತ್ರೆ ಕೊಟ್ಟು ಸಾಯಲು ಬಿಡುತ್ತಾರೆಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಮೇಲೆ ಹೇಳಿದ ಲ್ಯೂಕೇಮಿಯಾ ಪ್ರಯೋಗದಲ್ಲಿ ಹುಸಿಮಾತ್ರೆ ಪಡೆದವರಿಗೂ ಅಜಾಸೈಟಿಡಿನ್ ಚಿಕಿತ್ಸೆ ದೊರೆಯುತ್ತಿತ್ತು. ವ್ಯತ್ಯಾಸ ಹೊಸ ಮಾತ್ರೆಯೊಂದರದ್ದು ಮಾತ್ರ. ಹಾಗೆಂದು ಪ್ರಯೋಗವನ್ನು ಪವಾಡವೆಂದು ಭಾವಿಸುವುದೂ ಸರಿಯಲ್ಲ. ಸಹಿ ಮಾಡುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳಲೇಬೇಕು. ಈ ಔಷಧವನ್ನು ನಮ್ಮ ತಾಯಿಯ ಪ್ರಾಯದವರಲ್ಲಿ ಪರೀಕ್ಷಿಸಲಾಗಿದೆಯೆ? ಪ್ರಯೋಗಕ್ಕೆ ಸೇರದಿದ್ದರೆ ಸಿಗುವ ಚಿಕಿತ್ಸೆ ಯಾವುದು? ತಿಂಗಳಿಗೆ ಎಷ್ಟು ದಿನ ಆಸ್ಪತ್ರೆಗೆ ಬರಬೇಕು? ಔಷಧದ, ತಪಾಸಣೆಯ, ಪ್ರಯಾಣದ ಖರ್ಚು ಯಾರದು? ನೋವು ಶಮನದ ಆರೈಕೆ ಜೊತೆಗೇ ಸಿಗುವುದೆ?

ಧರ್ಮಸಭೆಯ ಮಾತು

ಈ ವಿಷಯದಲ್ಲಿ ಧರ್ಮಸಭೆಯ ಬೋಧನೆ ನಮ್ಮಲ್ಲಿ ಹಲವರು ಊಹಿಸಿರುವುದಕ್ಕಿಂತ ಹೆಚ್ಚು ಮಾನವೀಯವೂ ಸ್ಪಷ್ಟವೂ ಆಗಿದೆ. 1957ರ ನವೆಂಬರ್ 24ರಂದು ಅರಿವಳಿಕೆ ತಜ್ಞರನ್ನುದ್ದೇಶಿಸಿ ಮಾತನಾಡಿದ ಪೋಪ್ ಹನ್ನೆರಡನೆಯ ಪಿಯುಸ್, ಜೀವ ಕಾಪಾಡಿಕೊಳ್ಳಲು ಸಾಮಾನ್ಯ ಸಾಧನಗಳನ್ನು ಬಳಸುವುದಷ್ಟೇ ಕರ್ತವ್ಯ, ತನಗಾಗಲಿ ಇತರರಿಗಾಗಲಿ ಅತಿಭಾರವಾಗುವುದು ಕಡ್ಡಾಯವಲ್ಲ ಎಂದು ವಿವರಿಸಿದರು. ರೋಗಿಯ ಅನುಮತಿಯಿಲ್ಲದೆ ವೈದ್ಯನಿಗೆ ಪ್ರತ್ಯೇಕ ಹಕ್ಕಿಲ್ಲವೆಂದೂ, ರೋಗಿ ಪ್ರಜ್ಞಾಹೀನನಾದಾಗಲೂ ಕುಟುಂಬ ಅವನ ಇಚ್ಛೆ ಏನಿದ್ದೀತೆಂಬುದನ್ನೇ ಅನುಸರಿಸಬೇಕೆಂದೂ ಅವರು ಹೇಳಿದ್ದನ್ನು ನಾವು ಗಮನಿಸಬೇಕು.

1980ರ ಮೇ 5ರಂದು ವ್ಯಾಟಿಕನ್ ಹೊರಡಿಸಿದ ದಯಾಮರಣ ಕುರಿತ ಘೋಷಣೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಬೇರೆ ಸಾಕಷ್ಟು ಪರಿಹಾರವಿಲ್ಲದಾಗ, ರೋಗಿಯ ಸಮ್ಮತಿಯಿಂದ, ಇನ್ನೂ ಪ್ರಯೋಗದ ಹಂತದಲ್ಲಿರುವ ಚಿಕಿತ್ಸೆಯನ್ನೂ ಪಡೆಯಬಹುದು. ಹಾಗೆ ಪಡೆಯುವುದು ಮಾನವಕುಲಕ್ಕೆ ಮಾಡುವ ಉದಾರ ಸೇವೆಯೂ ಆಗಬಲ್ಲದು. ಫಲ ಸಿಗದಿದ್ದರೆ ಅದನ್ನು ನಿಲ್ಲಿಸುವುದೂ ಸಮ್ಮತವೇ. ಭಾರವಾದ ಚಿಕಿತ್ಸೆಯನ್ನು ನಿರಾಕರಿಸುವುದು ಆತ್ಮಹತ್ಯೆಗೆ ಸಮವಲ್ಲ. ಕುಟುಂಬದ ಮೇಲೆ ವಿಪರೀತ ಖರ್ಚು ಹೊರಿಸಬಾರದೆಂಬ ರೋಗಿಯ ಕಾಳಜಿಯನ್ನೂ ಆ ಘೋಷಣೆ ಮಾನ್ಯ ಮಾಡುತ್ತದೆ. 1992ರ ಧರ್ಮೋಪದೇಶ ಗ್ರಂಥ ತನ್ನ 2278ನೆಯ ಪರಿಚ್ಛೇದದಲ್ಲಿ, ಇಂಥ ತೀರ್ಮಾನವನ್ನು ಸಾಮರ್ಥ್ಯವಿರುವವರೆಗೆ ರೋಗಿಯೇ ಕೈಗೊಳ್ಳಬೇಕೆಂದು ಹೇಳುತ್ತದೆ. ಜೀವವನ್ನು ಉದ್ದೇಶಪೂರ್ವಕ ಮುಗಿಸುವುದಕ್ಕೆ ಮಾತ್ರ ಧರ್ಮಸಭೆ ಎಂದೂ ಒಪ್ಪುವುದಿಲ್ಲ.

ಹೀಗಿರುವಾಗ, ತಾಯಿಯಿಂದ ರೋಗದ ಹೆಸರನ್ನೇ ಮುಚ್ಚಿಟ್ಟರೆ ಸಮ್ಮತಿ ಕೊಡುವವರು ಯಾರು, ನಿರಾಕರಿಸುವವರು ಯಾರು? ತಂದೆತಾಯಿಯರನ್ನು ಗೌರವಿಸಬೇಕೆಂಬ ನಾಲ್ಕನೆಯ ಆಜ್ಞೆ ಅನ್ನ, ಬಟ್ಟೆ, ಔಷಧಗಳಿಗೆ ಸೀಮಿತವಲ್ಲ. ಅವರ ದೇಹ, ಅವರ ಉಳಿದ ದಿನಗಳು, ಅವರ ಆತ್ಮಸಿದ್ಧತೆ ಇವುಗಳ ಬಗ್ಗೆ ಅವರ ಮಾತು ಕೇಳುವುದೂ ಗೌರವವೇ. ಸತ್ಯ ತಿಳಿಯದ ರೋಗಿ ಹಳೆಯ ಮನಸ್ತಾಪವನ್ನು ಸರಿಪಡಿಸಿಕೊಳ್ಳಲಾರ, ಆಸ್ತಿಯ ವಿಷಯ ಇತ್ಯರ್ಥಪಡಿಸಲಾರ, ಮನಸಾರೆ ಪಾಪನಿವೇದನೆ ಮಾಡಲಾರ.

ಹಾಗೆಂದು ವರದಿಯನ್ನು ಒಮ್ಮೆಲೇ ಮುಖಕ್ಕೆ ಹಿಡಿಯಬೇಕೆಂದಲ್ಲ. ಎಷ್ಟು ತಿಳಿಯಬೇಕೆಂಬುದನ್ನು ಅವರನ್ನೇ ಕೇಳಬಹುದು. “ವಿವರವೆಲ್ಲ ಬೇಡ ಮಗಾ, ನೀವೇ ನೋಡಿಕೊಳ್ಳಿ” ಎಂದು ತಾಯಿ ಹೇಳಿದರೆ ಅದೂ ಅವರದೇ ತೀರ್ಮಾನ; ಅದನ್ನು ಮನ್ನಿಸಬೇಕು. ಕೇಳದೆಯೇ ಹಾಗೆಂದು ನಾವು ಊಹಿಸುವುದು ಬೇರೆ ಮಾತು.

ಧರ್ಮಕೇಂದ್ರಗಳಿಗೂ ಇಲ್ಲಿ ಕೆಲಸವಿದೆ. ಅಸ್ವಸ್ಥರ ಅಭ್ಯಂಗ ಸಂಸ್ಕಾರವನ್ನು ಇಂದಿಗೂ ಅನೇಕ ಮನೆಗಳಲ್ಲಿ ಸಾವಿನ ಮುನ್ಸೂಚನೆಯೆಂದೇ ತಿಳಿದು, ಪ್ರಜ್ಞೆ ತಪ್ಪಿದ ಮೇಲೆ ಗುರುಗಳನ್ನು ಕರೆಯುತ್ತಾರೆ. 1972ರಲ್ಲಿ ಆರನೆಯ ಪೌಲ್ ಜಗದ್ಗುರುಗಳು ಪರಿಷ್ಕರಿಸಿದ ವಿಧಿಯಂತೆ ಗಂಭೀರ ಕಾಯಿಲೆಯ ಆರಂಭದಲ್ಲೇ, ಚಿಕಿತ್ಸೆಗೆ ಹೊರಡುವ ಮುನ್ನವೇ ಅದನ್ನು ಸ್ವೀಕರಿಸಬಹುದು. ಫೆಬ್ರವರಿ 11ರ ಜಾಗತಿಕ ರೋಗಿಗಳ ದಿನದಂದು ಬಲಿಪೂಜೆಯ ಜೊತೆಗೆ, ಊರಿನ ವೈದ್ಯರೊಬ್ಬರನ್ನು ಕರೆಸಿ ಹಿರಿಯರ ಪ್ರಶ್ನೆಗಳಿಗೆ ಉತ್ತರ ಕೊಡಿಸಿದರೆ, ಸರಕಾರಿ ಯೋಜನೆಯ ಕಾರ್ಡು ಮಾಡಿಸಿಕೊಳ್ಳಲು ಯುವಜನರು ನೆರವಾದರೆ, ರಕ್ತದಾನಿಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರೆ, ಅದು ಅರ್ಥಪೂರ್ಣ ಆಚರಣೆಯಾದೀತು. ರಕ್ತ ಕ್ಯಾನ್ಸರ್ ರೋಗಿಗಳಿಗೆ ಪದೇ ಪದೇ ರಕ್ತವೂ ಪ್ಲೇಟ್‌ಲೆಟ್ಟೂ ಬೇಕಾಗುತ್ತವೆಂಬುದನ್ನು ಮರೆಯಬಾರದು.

ಹಿರಿಯರನ್ನು ಸೇರಿಸಿಕೊಂಡ ಮೇಲೆಯೇ ವೈದ್ಯ ವಿಜ್ಞಾನಕ್ಕೆ ಹಿರಿಯರ ಚಿಕಿತ್ಸೆ ತಿಳಿಯಿತು. ಕೆಲವರಿಗೆ ಚಿಕಿತ್ಸೆ ಬೇಕು, ಕೆಲವರಿಗೆ ಕಡಿಮೆ ಚಿಕಿತ್ಸೆ ಬೇಕು, ಕೆಲವರಿಗೆ ನೋವಿಲ್ಲದ ದಿನಗಳೇ ಸಾಕು. ಯಾರಿಗೆ ಯಾವುದೆಂಬುದನ್ನು ಕಾರಿಡಾರಿನಲ್ಲಿ ನಿಂತು ನಿರ್ಧರಿಸಲಾಗದು. ವೈದ್ಯರ ಕೋಣೆಯಲ್ಲಿ ಇನ್ನೊಂದು ಕುರ್ಚಿ ಹಾಕಿಸಿ ತಾಯಿಯನ್ನು ಒಳಗೆ ಕರೆಯೋಣ. ಜೀವನವಿಡೀ ನಮ್ಮ ಪರವಾಗಿ ಎಷ್ಟೋ ಕಠಿಣ ತೀರ್ಮಾನಗಳನ್ನು ಕೈಗೊಂಡವರು, ತಮ್ಮದೇ ಜೀವದ ಕುರಿತ ಒಂದು ತೀರ್ಮಾನವನ್ನೂ ಕೈಗೊಳ್ಳಬಲ್ಲರೆಂಬ ವಿಶ್ವಾಸ ನಮಗಿರಲಿ.